ಕೈ ಎತ್ತದವರು

ಗೊತ್ತಿದ್ದವರು ಕೈ ಎತ್ತುವುದು ಎಲ್ಲ ತರಗತಿಗಳ ರೂಢಿ. ನಮ್ಮ ಲೆಕ್ಕದ ಮೇಷ್ಟ್ರ ತರಗತಿಯಲ್ಲೂ ನಾವು ಕೈ ಎತ್ತುತ್ತಿದ್ದೆವು. ಆದರೆ ಅವರು ಎತ್ತಿದ ಕೈಗಳನ್ನೆಲ್ಲ ಒಂದು ಸಲ ನೋಡಿ, "ಸರಿ, ಇಳಿಸಿ. ನಿಮಗೆ ಗೊತ್ತಲ್ಲ, ನಿಮ್ಮನ್ನ ಕೇಳಿ ನಾನೇನು ಮಾಡ್ಲಿ?" ಎನ್ನುತ್ತಿದ್ದರು. ಆಮೇಲೆ ಕೈ ಎತ್ತದೆ ತಲೆ ತಗ್ಗಿಸಿ ಕೂತವರಲ್ಲಿ ಒಬ್ಬರನ್ನು ಬೋರ್ಡಿನ ಹತ್ತಿರ ಕರೆಯುತ್ತಿದ್ದರು.

ಹೋದವರ ಕೈಗೆ ಸೀಮೆಸುಣ್ಣ ಕೊಟ್ಟು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಎಲ್ಲೀವರೆಗೆ ಗೊತ್ತು?" ಗೊತ್ತಿದ್ದಷ್ಟನ್ನು ಬರೆಯಬೇಕು. ನಿಂತುಹೋದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು, ಎಲ್ಲರಿಗೂ ಕೇಳುವ ಹಾಗೆ "ಇಲ್ಲಿಂದ ಗೊತ್ತಿಲ್ಲ ಸಾರ್" ಎನ್ನಬೇಕು. ಅಲ್ಲಿಂದ ಮುಂದಿನದು ಇಡೀ ತರಗತಿಯ ಕೆಲಸ. ಗೊತ್ತಿದ್ದವರು ಉತ್ತರ ಹೇಳುವಂತಿಲ್ಲ. ಕೂತಲ್ಲಿಂದಲೇ ಬೋರ್ಡಿನ ಬಳಿ ನಿಂತವರಿಗೆ ಪ್ರಶ್ನೆ ಕೇಳಬಹುದು, ಅಷ್ಟೇ. "ಆ ಎರಡು ಗೆರೆ ಸಮಾಂತರ ಅಂತ ಕೊಟ್ಟಿದಾರಲ್ಲ, ಅದನ್ನ ನೀನು ಎಲ್ಲಿ ಉಪಯೋಗಿಸ್ದೆ?" ಎನ್ನುವ ಥರದ ಪ್ರಶ್ನೆ. ಸೀಮೆಸುಣ್ಣ ಮಾತ್ರ ಕೊನೆಯವರೆಗೂ ಗೊತ್ತಿಲ್ಲದವರ ಕೈಯಲ್ಲೇ ಇರಬೇಕು. ರೇಖಾಗಣಿತದ ಒಂದೇ ಒಂದು ಸಮಸ್ಯೆಗೆ ಇಡೀ ಪೀರಿಯಡ್ಡು ಹೋದ ದಿನಗಳಿದ್ದವು. ಪಕ್ಕದ ತರಗತಿಯವರು ಪುಸ್ತಕದಲ್ಲಿ ನಮಗಿಂತ ಎರಡು ಪಾಠ ಮುಂದಿದ್ದರು.

ಹೈಸ್ಕೂಲಿನ ಎರಡನೇ ವರ್ಷದ ಮಾತು ಇದು. ನಮ್ಮ ಶಾಲೆ ಜಯನಗರದ ದಕ್ಷಿಣದ ಅಂಚಿನಲ್ಲಿತ್ತು. ಆಗಿನ ಜಯನಗರದಲ್ಲಿ ಮನೆಗಳಿಗಿಂತ ಸೈಟುಗಳ ಗಡಿಕಲ್ಲುಗಳೇ ಹೆಚ್ಚು. ರಸ್ತೆಗಳನ್ನು ಹಾಕಿದ್ದರು, ಅವುಗಳ ಮೇಲೆ ಓಡಾಡುವವರು ಇನ್ನೂ ಬಂದಿರಲಿಲ್ಲ. ನನ್ನ ಹಾಗೆ ಬಸವನಗುಡಿಯಿಂದ, ಹೊಸ ಬಡಾವಣೆಯ ಮನೆಗಳಿಂದ ಬರುವ ನೌಕರಸ್ಥರ ಮಕ್ಕಳು ತರಗತಿಯಲ್ಲಿ ಅರ್ಧದಷ್ಟಿದ್ದರೆ, ಸುಬ್ರಹ್ಮಣ್ಯಪುರ, ಕೋಣನಕುಂಟೆಗಳ ಕಡೆಯಿಂದ ನಡೆದು ಬರುವ ರೈತರ ಮಕ್ಕಳು ಇನ್ನರ್ಧ. ಹುಡುಗಿಯರಿಗೆ ಮುಂದಿನ ಎರಡು ಬೆಂಚು.

ಮೇಷ್ಟ್ರು ಕೋಣನಕುಂಟೆಯವರು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಬಿ.ಎಸ್‌ಸಿ. ಮುಗಿಸಿ ನೇರವಾಗಿ ನಮ್ಮಲ್ಲಿಗೆ ಬಂದಿದ್ದರು. ಮೇಷ್ಟ್ರ ಕೆಲಸಕ್ಕೆ ಬೇಕಾದ ಟ್ರೈನಿಂಗ್ ಅವರಿಗೆ ಆಗಿರಲಿಲ್ಲ. ಹಾಗಾಗಿ ಅವರದು ಹಂಗಾಮಿ ಕೆಲಸ. ಈ ವಿಷಯ ನಮಗೆ ಗೊತ್ತಿತ್ತು, ಆದರೆ ಅದರ ಅರ್ಥ ಏನೆಂದು ಆ ಜನವರಿಯವರೆಗೆ ನಾವು ಯೋಚಿಸಿರಲಿಲ್ಲ.

ಮೊದಲ ಕೆಲವು ವಾರ ಅವರ ಪೀರಿಯಡ್ಡಿನಲ್ಲಿ ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬೈಯುವವರು, ಹೊಡೆಯುವವರು ಯಾರೂ ಇರಲಿಲ್ಲ. ನನ್ನ ತಂದೆ ಸಂಜೆ ಪಾಠ ಕೇಳುತ್ತಿದ್ದರು. ಉತ್ತರ ತಪ್ಪಾದರೆ ಏನೂ ಅನ್ನದೆ ಪುಸ್ತಕ ಮುಚ್ಚಿಟ್ಟು, ಎದ್ದುಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರು ನೀರು ಹಾಕುವ ಸದ್ದು ಒಳಗೆ ಕೇಳಿಸುತ್ತಿತ್ತು. ಖಚಿತವಾಗಿ ಗೊತ್ತಿಲ್ಲದ ಮಾತನ್ನು ಬಾಯಿಬಿಟ್ಟು ಹೇಳಬಾರದು ಎಂದು ನಾನು ಹಾಗೆ ಕಲಿತೆ. ನನ್ನನ್ನು ಗಂಭೀರ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು. ಅದು ಗಾಂಭೀರ್ಯ ಆಗಿರಲಿಲ್ಲ.

ಮೇಷ್ಟ್ರು ನನ್ನನ್ನು ಮೊದಲ ಸಲ ಕರೆದ ದಿನ ಅರ್ಧ ಸಮಸ್ಯೆ ನನಗೆ ಗೊತ್ತಿತ್ತು. ಪೂರ್ತಿ ಗೊತ್ತಿಲ್ಲದ್ದರಿಂದ ಕೈ ಎತ್ತಿರಲಿಲ್ಲ. ನಾಲ್ಕು ಸಾಲು ಬರೆದು ನಿಂತೆ. ಗೆರೆ ಎಳೆಯುವುದಕ್ಕೆ ಕೈ ಬರಲಿಲ್ಲ. ಬೆನ್ನ ಹಿಂದೆ ಇಡೀ ತರಗತಿ ನನ್ನ ಜಡೆಯನ್ನೇ ನೋಡುತ್ತಿದೆ ಎನ್ನಿಸಿತು. ಮೇಷ್ಟ್ರು ಅವಸರ ಮಾಡಲಿಲ್ಲ. ಕಿಟಕಿಯ ಕಟ್ಟೆಗೆ ಒರಗಿ, "ಗೆರೆ ಎಳಿಯಮ್ಮ. ಅಲ್ಲೀವರೆಗೆ ನಿನ್ನದು. ಅದನ್ನ ಯಾರೂ ಕಿತ್ಕೊಳ್ಳಲ್ಲ," ಎಂದರು.

ಎಳೆದೆ. "ಇಲ್ಲಿಂದ ಗೊತ್ತಿಲ್ಲ ಸಾರ್" ಎಂದು ಹೇಳಿದ್ದು ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು.

ಕೊನೆಯ ಬೆಂಚಿನಿಂದ ಮೊದಲ ಪ್ರಶ್ನೆ ಬಂತು. ಕೇಳಿದವನು ಸುಬ್ರಹ್ಮಣ್ಯಪುರದ ಉದ್ದನೆಯ ಹುಡುಗ. ರಾಗಿ ಕೊಯ್ಲು, ಕಣದ ಕೆಲಸ ಎಂದು ನಡುವೆ ಶಾಲೆ ಬಿಟ್ಟು ಬಿಟ್ಟು ಬಂದಿದ್ದರಿಂದ ನಮಗಿಂತ ಎರಡು ವರ್ಷ ದೊಡ್ಡವನು. ಆಗಲೇ ಮೀಸೆ ಚಿಗುರುತ್ತಿತ್ತು. "ಆ ತ್ರಿಭುಜನ ತಲೆಕೆಳಗೆ ಮಾಡಿದ್ರೂ ಅದು ಅದೇ ತ್ರಿಭುಜಾನಾ?" ಎಂದು ಕೇಳಿದ. ಎಲ್ಲರೂ ಗೊಳ್ಳೆಂದು ನಕ್ಕರು.

"ಯಾಕ್ರಪ್ಪಾ ನಗ್ತೀರಾ?" ಎಂದರು ಮೇಷ್ಟ್ರು. "ಅವನಿಗೆ ಉತ್ತರ ಕೊಡಮ್ಮ. ಅದೇನಾ, ಬೇರೇನಾ?"

ಅವನಿಗೆ ಉತ್ತರ ಹೇಳಲೆಂದು ತ್ರಿಭುಜವನ್ನು ಬೋರ್ಡಿನ ಮೂಲೆಯಲ್ಲಿ ತಲೆಕೆಳಗಾಗಿ ಬರೆದೆ. ಬರೆದ ಕೂಡಲೇ, ಎರಡು ಕೋನಗಳು ಸಮ ಎನ್ನುವುದು ಕಣ್ಣಿಗೆ ಬಿತ್ತು. ಅಡ್ಡಗೆರೆ ದಾಟಿ ನಾನು ಕೆಳಗಿನ ಸಾಲುಗಳನ್ನು ಬರೆಯುತ್ತಾ ಹೋದೆ. ತಿರುಗಿ ನೋಡಿದಾಗ ಆ ಹುಡುಗ ಪಕ್ಕದವನಿಗೆ, "ನೋಡ್ದಾ? ನನ್ನಿಂದ್ಲೇ ಬಂದಿದ್ದು," ಎನ್ನುತ್ತಿದ್ದ.

ಆ ವರ್ಷ ಹೆಚ್ಚು ಸಲ ಬೋರ್ಡಿನ ಹತ್ತಿರ ಹೋದವನು ಅವನೇ. ಮೊದಲಿಗೆ ಬರೀ ತ್ರಿಭುಜ ಬರೆದು, ಅದರ ಕೆಳಗೇ ಗೆರೆ ಎಳೆದು, "ಇಲ್ಲಿಂದ ಗೊತ್ತಿಲ್ಲ ಸಾ," ಎಂದು ಧೈರ್ಯವಾಗಿ ನಿಲ್ಲುತ್ತಿದ್ದ. ಹುಡುಗರು ಅವನಿಗೆ "ಗೊತ್ತಿಲ್ಲ ಸಾ" ಎಂದೇ ಹೆಸರಿಟ್ಟಿದ್ದರು. ಅವನು ಅದಕ್ಕೆ ಓಗೊಡುತ್ತಿದ್ದ. ದೀಪಾವಳಿ ಕಳೆದ ಮೇಲೆ ಒಂದು ದಿನ ಗೆರೆ ಎಳೆದು ಹಿಂದೆ ಸರಿದು ನಿಂತು, "ಸಾ, ಇವತ್ತು ನನ್ ಗೆರೆ ಒಂದ್ ಗೇಣು ಕೆಳಕ್ಕೆ ಬಂದೈತೆ ನೋಡಿ," ಎಂದ. ಮೇಷ್ಟ್ರು ಎದ್ದುಬಂದು ನಿಜವಾಗಿಯೂ ಗೇಣು ಹಾಕಿ ನೋಡಿದರು. "ಹೌದಪ್ಪಾ, ಪೂರ್ತಿ ಗೇಣು," ಎಂದರು. ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಗೆರೆ ಎಳೆಯುವುದಕ್ಕೆ ಸಂಕೋಚ ಉಳಿದಿರಲಿಲ್ಲ. ಹಾಗೆಂದು ನಾವು ತಿಳಿದುಕೊಂಡಿದ್ದೆವು.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಮೇಷ್ಟ್ರು ಬೇರೆ ತರಗತಿಯಲ್ಲಿದ್ದಾಗ ಹೆಡ್‌ಮಾಸ್ಟರು ನಮ್ಮಲ್ಲಿಗೆ ಬಂದು ಬಾಗಿಲು ಮುಂದೆ ಮಾಡಿದರು. ಮುಚ್ಚುಕೋಟಿನ ಮೇಲಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತ ಮಾತಾಡುವ ಅಭ್ಯಾಸ ಅವರದು. ಒಳ್ಳೆಯವರು, ಪುಕ್ಕಲು.

"ಮುಂದಿನ ವಾರ ಇನ್ಸ್‌ಪೆಕ್ಷನ್ನು. ಇನ್ಸ್‌ಪೆಕ್ಟರ್ ಸಾಹೇಬರು ಈ ಕ್ಲಾಸಿಗೇ ಬರ್ತಾರೆ, ಲೆಕ್ಕದ ಪೀರಿಯಡ್ಡಿಗೇ ಬರ್ತಾರೆ. ಯಾಕೆ ಗೊತ್ತಾ? ನಿಮ್ಮ ಮೇಷ್ಟ್ರಿಗೆ ಟ್ರೈನಿಂಗ್ ಆಗಿಲ್ಲ. ಸಾಹೇಬರು ಪಾಠ ನೋಡಿ ಪರವಾಗಿಲ್ಲ ಅಂದ್ರೆ ಕೆಲಸ ಕಾಯಂ ಮಾಡಬಹುದು. ಇಲ್ಲಾಂದ್ರೆ ಬೇಸಿಗೆ ರಜಕ್ಕೆ ಅವರನ್ನ ಮನೆಗೆ ಕಳಿಸ್ಬೇಕಾಗುತ್ತೆ. ನನ್ನ ಕೈಲಿ ಏನೂ ಇಲ್ಲ." ಗುಂಡಿ ಬಿಚ್ಚಿದರು. "ಅದಕ್ಕೇ ಹೇಳ್ತಿದೀನಿ. ಪ್ರಶ್ನೆ ಕೇಳಿದ ತಕ್ಷಣ ಎಲ್ಲರ ಕೈಯೂ ಮೇಲಿರಬೇಕು. ಗೊತ್ತಿರಲಿ, ಬಿಡಲಿ."

ಅವರು ಹೋದ ಮೇಲೆ ಎಲ್ಲರೂ ಒಬ್ಬರ ಕಡೆ ಒಬ್ಬರು ತಿರುಗಿ ಕೂತೆವು. ಮೊದಲು ಬಾಯಿಬಿಟ್ಟವಳು ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಅವಳು ಚೂಟಿ, ಮಾತಿಗೆ ಮೊದಲೇ ಬೆರಳೆಣಿಸಿ ಎಲ್ಲವನ್ನೂ ಹಿಂದುಮುಂದು ನೋಡುವವಳು.

"ಎಲ್ಲರೂ ಎತ್ತಿದ್ರೆ ಸಾರ್ ಯಾರನ್ನ ಕರೀತಾರೆ? ಕೈ ಎತ್ತದೋರೇ ಇರಲ್ವಲ್ಲ."

"ಎಲ್ಲರ್ನೂ ಬಿಟ್ಟು ನನ್ನೇ ಕರೀತಾರೆ," ಎಂದ ಉದ್ದನೆಯ ಹುಡುಗ. "ನಾನು ಹೋಗಿ ಸಾಹೇಬ್ರೆದುರಿಗೆ ಗೊತ್ತಿಲ್ಲ ಸಾ ಅಂತೀನಿ. ಅಲ್ಲಿಗೆ ಮೇಷ್ಟ್ರ ಕೆಲ್ಸ ಗೋವಿಂದ."

ಯಾರೂ ನಗಲಿಲ್ಲ. ಗೆಳತಿ ಹೇಳಿದಳು: "ಹಾಗಾದ್ರೆ ಉಲ್ಟಾ ಮಾಡೋಣ. ಗೊತ್ತಿಲ್ಲದೋರೆಲ್ಲ ಕೈ ಎತ್ತಿ. ಗೊತ್ತಿರೋರು ಎತ್ತಬೇಡಿ, ಸುಮ್ನೆ ಕೂತಿರಿ. ಸಾರ್ ಹೇಗೂ ಎತ್ತದೋರ್ನೇ ಕರೆಯೋದು. ಕರೆದೋರೆಲ್ಲ ಉತ್ತರ ಹೇಳಿಬಿಡ್ತಾರೆ."

ನಮಗೆಲ್ಲ ಅದು ಎಷ್ಟು ಸೊಗಸಾದ ಉಪಾಯವಾಗಿ ಕಂಡಿತೆಂದರೆ, ಮೇಷ್ಟ್ರು ನಮಗೆ ಕಲಿಸಿದ ಯಾವ ಪ್ರಮೇಯವೂ ಅಷ್ಟು ಸೊಗಸಾಗಿ ಕಂಡಿರಲಿಲ್ಲ. ಮರುದಿನ ಡ್ರಾಯಿಂಗ್ ಮೇಷ್ಟ್ರು ಬಾರದಿದ್ದ ಪೀರಿಯಡ್ಡಿನಲ್ಲಿ ಅಭ್ಯಾಸವನ್ನೂ ಮಾಡಿದೆವು. ಗೆಳತಿ ಮೇಷ್ಟ್ರಾದಳು. ಯಾರು ಎತ್ತುವವರು, ಯಾರು ಎತ್ತದವರು ಎಂದು ಬೇರೆ ಮಾಡಬೇಕಾಯಿತು. ಒಬ್ಬೊಬ್ಬರೂ ಎದ್ದು ತಾವು ಯಾವ ಕಡೆ ಎಂದು ಹೇಳಿದರು. ನನ್ನನ್ನು ಯಾರೂ ಕೇಳಲಿಲ್ಲ. "ನೀನು ಎತ್ತಬೇಡ, ಆಯ್ತಾ," ಎಂದಳು ಗೆಳತಿ. ಒಳಗೊಳಗೇ ಹಿಗ್ಗಿದೆ. ಹಳ್ಳಿಯ ಹುಡುಗರು ಬಹುತೇಕ ಎಲ್ಲರೂ ಎತ್ತುವವರ ಕಡೆಗೆ ಹೋದರು. ಬಡಾವಣೆಯವರು ಎತ್ತದವರ ಕಡೆಗೆ. ಮೇಷ್ಟ್ರು ಇಷ್ಟು ತಿಂಗಳು ಅಳಿಸುತ್ತಾ ಬಂದಿದ್ದ ಗೆರೆಯನ್ನು ನಾವು ಒಂದು ಪೀರಿಯಡ್ಡಿನಲ್ಲಿ ಎಳೆದು ಮುಗಿಸಿದ್ದೆವು. ಆಗ ಅದು ನನಗೆ ಕಾಣಲಿಲ್ಲ. ಅಷ್ಟು ಒಗ್ಗಟ್ಟಾಗಿ, ಅಷ್ಟು ಖುಷಿಯಾಗಿ ನಮ್ಮ ತರಗತಿ ಹಿಂದೆ ಯಾವತ್ತೂ ಇರಲಿಲ್ಲ ಎಂಬುದಷ್ಟೇ ಕಂಡಿತು.

"ಸಾರ್‌ಗೆ ಒಂದು ಮಾತು ಹೇಳೋದು ಬೇಡ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಹೇಳಿದ್ರೆ ಒಪ್ತಾರಾ?" ಎಂದಳು ಗೆಳತಿ.

ಒಪ್ಪುವುದಿಲ್ಲ ಎಂದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆ ಮಾತು ಅಲ್ಲಿಗೇ ನಿಂತಿತು.

ಇನ್ಸ್‌ಪೆಕ್ಟರು ನಾವು ಹೆದರಿಕೊಂಡ ಹಾಗಿರಲಿಲ್ಲ. ತೆಳ್ಳಗಿನ ವಯಸ್ಸಾದವರು, ಕೆಮ್ಮು ಇತ್ತು, ಮುಖದಲ್ಲಿ ನಗುವಿತ್ತು. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ಹೆಡ್‌ಮಾಸ್ಟರು ಕೂರಲಿಲ್ಲ. ಮೇಷ್ಟ್ರು ಆ ದಿನ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದಿದ್ದರು. ಬೇರೆ ಎಲ್ಲ ದಿನದ ಹಾಗೇ ಬೋರ್ಡಿನ ಮೇಲೆ ಚಿತ್ರ ಬರೆದರು: ಎರಡು ಬಾಹುಗಳು ಸಮವಾಗಿರುವ ತ್ರಿಭುಜ, ಅದರ ತುದಿಯ ಮೂಲಕ ತಳಕ್ಕೆ ಸಮಾಂತರವಾಗಿ ಒಂದು ಗೆರೆ. ಆ ಗೆರೆ ಹೊರಕೋನವನ್ನು ಸರಿಯಾಗಿ ಅರ್ಧ ಮಾಡುತ್ತದೆ ಎಂದು ತೋರಿಸಬೇಕು.

"ಯಾರಿಗೆ ಗೊತ್ತು?"

ಕೈಗಳು ಎದ್ದವು. ಎಲ್ಲಕ್ಕಿಂತ ಎತ್ತರದಲ್ಲಿ ಸುಬ್ರಹ್ಮಣ್ಯಪುರದ ಹುಡುಗನ ಕೈ.

ಮೇಷ್ಟ್ರು ಅದನ್ನು ನೋಡಿದರು. ಅವನು ಇಡೀ ವರ್ಷದಲ್ಲಿ ಕೈ ಎತ್ತಿದ್ದೇ ಇಲ್ಲ. ಅವರ ಮುಖದಲ್ಲಿ ಆಗ ಬಂದ ಸಂತೋಷವನ್ನು ನಾನು ಮೊದಲ ಬೆಂಚಿನಿಂದ, ನಾಲ್ಕಡಿ ದೂರದಿಂದ ಕಂಡೆ. ಇನ್ಸ್‌ಪೆಕ್ಟರು ಇದ್ದಾರೆ ಎನ್ನುವುದನ್ನೇ ಅವರು ಒಂದು ಕ್ಷಣ ಮರೆತ ಹಾಗಿತ್ತು. ನಂಬಿಬಿಟ್ಟರು. ಇಡೀ ಉಪಾಯದಲ್ಲಿ ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿದ್ದು ಇದೊಂದನ್ನೇ.

"ಸರಿ, ಇಳಿಸಿ," ಎಂದರು. ಧ್ವನಿ ಎಂದಿಗಿಂತ ಮೆತ್ತಗಿತ್ತು. ಕೈ ಎತ್ತದೆ ಕೂತಿದ್ದ ಒಬ್ಬ ಡಾಕ್ಟರ ಮಗನನ್ನು ಕರೆದರು. "ಎಲ್ಲೀವರೆಗೆ ಗೊತ್ತು?"

ಅವನು ಎಲ್ಲಿಯೂ ನಿಲ್ಲದೆ ಕೊನೆಯ ಸಾಲಿನವರೆಗೂ ಬರೆದು ಸೀಮೆಸುಣ್ಣ ವಾಪಸು ಕೊಟ್ಟ. ಮೇಷ್ಟ್ರು ಅವನ ಮುಖ ನೋಡಿದರು. ಹೆಡ್‌ಮಾಸ್ಟರು ಗುಂಡಿ ಹಾಕಿಕೊಂಡರು. ಬೋರ್ಡು ಒರೆಸಿ ಇನ್ನೊಂದು ಸಮಸ್ಯೆ ಕೊಟ್ಟು ಮೇಷ್ಟ್ರು ಕೈ ಎತ್ತದ ಇನ್ನೊಬ್ಬಳನ್ನು ಕರೆದರು. ಅವಳೂ ಹಾಗೆಯೇ ಬರೆದಳು. ಮೇಷ್ಟ್ರು ಈಗ ತರಗತಿಯನ್ನು ನಿಧಾನವಾಗಿ, ಬೆಂಚಿನಿಂದ ಬೆಂಚಿಗೆ ನೋಡತೊಡಗಿದ್ದರು.

"ಭೇಷ್!" ಎಂದರು ಇನ್ಸ್‌ಪೆಕ್ಟರು. "ಅಲ್ಲಾ ಮೇಷ್ಟ್ರೇ, ಕೈ ಎತ್ತದೋರೇ ಇಷ್ಟು ಚೆನ್ನಾಗಿ ಮಾಡ್ತಾರಲ್ಲ, ಎತ್ತಿದೋರು ಇನ್ನೆಷ್ಟು ಚೆನ್ನಾಗಿ ಮಾಡಬೇಕು! ಎಲ್ಲಿ, ನೀನು ಬಾರಪ್ಪಾ. ಆ ಮೊದಲನೇ ಸಮಸ್ಯೇನೇ ಮಾಡು, ಈಗ ತಾನೇ ನೋಡಿದೀಯ." ಅವರು ಬೆರಳು ಮಾಡಿದ್ದು ಉದ್ದನೆಯ ಹುಡುಗನ ಕಡೆಗೆ.

ಅವನು ಬಂದು ಸೀಮೆಸುಣ್ಣ ತೆಗೆದುಕೊಂಡ. ಬೇರೆ ದಿನವಾಗಿದ್ದರೆ ಅರ್ಧದವರೆಗೆ ಬರೆದು, ಗೆರೆ ಎಳೆದು, ನಮ್ಮ ಕಡೆ ತಿರುಗುತ್ತಿದ್ದ. ಆ ದಿನ ತ್ರಿಭುಜವನ್ನೂ ಬರೆಯಲಿಲ್ಲ. ಬೋರ್ಡಿಗೆ ಮುಖ ಮಾಡಿ ಸುಮ್ಮನೆ ನಿಂತ. ಇನ್ಸ್‌ಪೆಕ್ಟರು ಕೈ ಎತ್ತಿದ್ದ ಇನ್ನೊಬ್ಬನನ್ನು ಕರೆದರು, ಮತ್ತೊಬ್ಬನನ್ನು ಕರೆದರು. ಬೋರ್ಡಿನ ಮುಂದೆ ಹಳ್ಳಿಯ ಹುಡುಗರ ಒಂದು ಸಾಲೇ ಆಯಿತು. ಯಾರೂ ಬಾಯಿಬಿಡಲಿಲ್ಲ.

"ಇದು ಯಾವ ಸೀಮೆ ಪದ್ಧತಿ ಮೇಷ್ಟ್ರೇ? ಸರ್ಕಸ್ಸಿನ ಥರ ಕಲಿಸಿಟ್ಟಿದೀರೋ ಹೇಗೆ?"

"ನನಗೆ ಗೊತ್ತಿಲ್ಲ ಸಾರ್," ಎಂದರು ಮೇಷ್ಟ್ರು. ಎಲ್ಲರಿಗೂ ಕೇಳುವ ಹಾಗೆ, ನಮಗೆ ಹೇಳಿಕೊಟ್ಟಿದ್ದ ಹಾಗೆಯೇ ಹೇಳಿದರು. ಹೆಡ್‌ಮಾಸ್ಟರು ನೆಲ ನೋಡುತ್ತಿದ್ದರು.

ಇನ್ಸ್‌ಪೆಕ್ಟರು ಮೊದಲ ಬೆಂಚಿನ ಕಡೆ ತಿರುಗಿದರು. "ನೀನು ಹೇಳಮ್ಮ. ಹೌದು, ನೀನೇ. ನಿನಗೆ ಬರುತ್ತೆ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ಯಾಕೆ ಕೈ ಎತ್ತಲಿಲ್ಲ?"

ಎದ್ದು ನಿಂತೆ. ನನಗೆ ಖಚಿತವಾಗಿ ಗೊತ್ತಿದ್ದ ವಿಷಯವಾಗಿತ್ತು ಅದು. ಸುಳ್ಳು ಹೇಳಿದರೆ ಮೇಷ್ಟ್ರ ಕೆಲಸ ಹೋಗುತ್ತದೆ ಎನ್ನಿಸಿತು. ನಿಜ ಹೇಳಿದರೆ ಏನಾಗುತ್ತದೆ ಎಂದು ಹೊಳೆಯಲಿಲ್ಲ. ನಿಜ ಹೇಳಿದೆ. "ನಮ್ಮ ಸಾರ್ ಕೈ ಎತ್ತದೋರ್ನೇ ಕರೀತಾರೆ ಸಾರ್. ಗೊತ್ತಿಲ್ಲದೋರು ನಿಮ್ಮೆದುರಿಗೆ ಬರಬಾರ್ದು ಅಂತ ನಾವೇ ಹೀಗೆ ಮಾಡಿದ್ವಿ. ಇಲ್ಲಾಂದ್ರೆ ಸಾರ್ ಕೆಲಸ ಹೋಗುತ್ತಲ್ಲ, ಅದಕ್ಕೆ. ಸಾರ್‌ಗೆ ಇದು ತಿಳೀದು."

ಅಷ್ಟು ಉದ್ದದ ಮಾತನ್ನು ನಾನು ಶಾಲೆಯಲ್ಲಿ ಹಿಂದೆಂದೂ ಆಡಿರಲಿಲ್ಲ. ಒಂದು ಶಬ್ದವೂ ತಡವರಿಸಲಿಲ್ಲ.

ಇನ್ಸ್‌ಪೆಕ್ಟರು ನಕ್ಕರು. ಕೆಮ್ಮು ಬರುವವರೆಗೂ ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರು ನಕ್ಕಿದ್ದು ಕಂಡು ಹೆಡ್‌ಮಾಸ್ಟರು ನಕ್ಕರು. ಬೆಂಚುಗಳಲ್ಲೂ ಅಲ್ಲಲ್ಲಿ ನಗು ಎದ್ದಿತು. ನಗದೆ ಇದ್ದವರು ಬೋರ್ಡಿನ ಮುಂದೆ ನಿಂತ ಹುಡುಗರು ಮತ್ತು ಮೇಷ್ಟ್ರು. ನಾನು ಕೂತುಕೊಳ್ಳಬಹುದೋ ಇಲ್ಲವೋ ತಿಳಿಯದೆ ನಿಂತೇ ಇದ್ದೆ.

"ಮಕ್ಕಳಿಗೆ ನಿಮ್ಮ ಮೇಲೆ ಪ್ರೀತಿ ಇದೆ ಮೇಷ್ಟ್ರೇ. ಅದು ಟ್ರೈನಿಂಗ್ ಕೊಟ್ಟರೂ ಬರೋದಲ್ಲ. ನಾನು ಬರೀತೀನಿ, ಯೋಚನೆ ಮಾಡಬೇಡಿ." ಏಳುತ್ತಾ ಅವರು ಮೇಷ್ಟ್ರ ಭುಜದ ಮೇಲೆ ಕೈ ಇಟ್ಟರು. "ಆದರೆ ಈ ಗೊತ್ತಿಲ್ಲ, ಗೊತ್ತಿಲ್ಲ ಅಂತ ಹೇಳಿಸೋದು ಸಾಕು. ನೋಡಿ, ಮಕ್ಕಳಿಗೇ ಅದು ನಾಚಿಕೆ ಅನ್ನಿಸಿದೆ. ಗೊತ್ತಿರೋರ್ನ ಕೇಳಿ, ಮಿಕ್ಕೋರು ಕೇಳಿಸ್ಕೊಂಡು ಕಲೀತಾರೆ. ಪೋರ್ಷನ್ ಮುಗೀಬೇಕಲ್ಲ? ಮುಂದಿನ ವರ್ಷ ಬಂದಾಗ ನೋಡ್ತೀನಿ."

"ಆಗಲಿ ಸಾರ್," ಎಂದರು ಮೇಷ್ಟ್ರು.

ಇನ್ಸ್‌ಪೆಕ್ಟರೂ ಹೆಡ್‌ಮಾಸ್ಟರೂ ಹೊರಗೆ ಹೋದ ಮೇಲೆ ಮೇಷ್ಟ್ರು ಬೋರ್ಡಿನ ಮುಂದಿದ್ದವರಿಗೆ ಕೂರಲು ಹೇಳಿದರು. ಉದ್ದನೆಯ ಹುಡುಗನನ್ನು ಮಾತ್ರ ತಡೆದರು.

"ನಿನಗೆ ಎಲ್ಲೀವರೆಗೆ ಗೊತ್ತಿತ್ತು?"

"ಅರ್ಧ ಗೊತ್ತಿತ್ತು ಸಾ."

"ಮತ್ತೆ ಅರ್ಧ ಬರೀಬೇಕಿತ್ತು."

"ಬರೆದಿದ್ರೆ ಮಿಕ್ಕಿದ್ದು ಗೊತ್ತಿಲ್ಲ ಅನ್ಬೇಕಾಗ್ತಿತ್ತಲ್ಲ ಸಾ. ಆ ಸಾಹೇಬ್ರ ಮುಂದೆ ನಿಮಗೆ ಅವಮಾನ ಅಲ್ವಾ?"

"ನನಗೆ ಅವಮಾನ," ಎಂದು ಮೇಷ್ಟ್ರು ಅವನ ಮಾತನ್ನೇ ತಮಗೆ ತಾವು ಹೇಳಿಕೊಂಡರು. ಬೈಯುತ್ತಾರೆ ಎಂದು ಕಾದೆವು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕೈಗೆ ಅಂಟಿದ ಸುಣ್ಣವನ್ನು ಒರೆಸಿಕೊಳ್ಳುತ್ತ ನಿಂತರು. ಇಸ್ತ್ರಿ ಮಾಡಿದ ಷರಟಿಗೆ ಮೆತ್ತಿಕೊಂಡಿದ್ದು ಅವರ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ. ಗಂಟೆ ಹೊಡೆಯಿತು.

ಕೆಲಸ ಕಾಯಂ ಆಗುತ್ತದೆ ಎನ್ನುವ ಸುದ್ದಿ ಸಂಜೆಯೊಳಗೆ ಶಾಲೆಯೆಲ್ಲ ಹರಡಿತು. ಹುಡುಗರು ಮೈದಾನದಲ್ಲಿ ಕೇಕೆ ಹಾಕಿದರು. ನನಗೆ ಊಟ ಸೇರಲಿಲ್ಲ. ಏನಾಗಿದೆ ಎಂದು ನನ್ನ ತಾಯಿ ಕೇಳಿದರೆ, ಒಳ್ಳೆಯದೇ ಆಗಿದೆ ಎನ್ನದೆ ಬೇರೆ ಉತ್ತರವಿರಲಿಲ್ಲ.

ಸಂಕ್ರಾಂತಿಯ ದಿನ ಗೆಳತಿಯೂ ನಾನೂ ಎಳ್ಳು ಬೀರುವ ನೆಪ ಮಾಡಿಕೊಂಡು ಕೋಣನಕುಂಟೆಗೆ ಹೊರಟೆವು. ಮೇಷ್ಟ್ರ ಮನೆಗೆ ಎಂದಿದ್ದಕ್ಕೆ ನನ್ನ ತಂದೆ ಒಪ್ಪಿದರು. ಕನಕಪುರ ರಸ್ತೆಯಲ್ಲಿ ಉದ್ದನೆಯ ಹುಡುಗ ಸಿಕ್ಕಿದ. ದಾರಿ ತೋರಿಸುತ್ತೇನೆಂದು ಹೊರಟವನು, ಹುಡುಗಿಯರ ಜೊತೆ ನಡೆಯುವುದು ಸರಿಯಲ್ಲವೆಂದು ನಮಗಿಂತ ಹತ್ತು ಮಾರು ಮುಂದೆ ನಡೆದ. ಕ್ಷಮೆ ಕೇಳುವ ಮಾತನ್ನು ಯಾರು ಆಡಬೇಕೆಂದು ದಾರಿಯುದ್ದಕ್ಕೂ ಕೂಗಿ ಕೂಗಿ ಮಾತಾಡಿಕೊಂಡೆವು.

ಮೇಷ್ಟ್ರು ದನಗಳನ್ನು ಕಿಚ್ಚು ಹಾಯಿಸುವುದಕ್ಕೆ ಸಿದ್ಧ ಮಾಡಲು ಕೆರೆಗೆ ಹೊಡೆದುಕೊಂಡು ಹೋಗಿದ್ದರು. ಅವರ ತಾಯಿ ಜಗಲಿಯ ಮೇಲೆ ಅವರೆಕಾಯಿ ರಾಶಿಯ ಮುಂದೆ ಕೂತಿದ್ದರು. ನಾವು ಯಾರೆಂದು ಹೇಳಿದ ಕೂಡಲೇ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದರು.

"ಅಯ್ಯೋ ಬನ್ರವ್ವ, ಬನ್ನಿ. ನೀವೇನಾ? ನಮ್ ಮಗೀನ ಕೆಲ್ಸ ಉಳಿಸ್ಕೊಟ್ಟೋರು ನೀವೇನಾ?"

ನಾವು ಮುಖ ಮುಖ ನೋಡಿಕೊಂಡೆವು.

"ಊರೆಲ್ಲ ಹೇಳೈತೆ. ಮಕ್ಳು ಅಂದ್ರೆ ಹಿಂಗಿರ್ಬೇಕು. ಯಾರೋ ಒಂದ್ ಹೆಣ್ಮಗಾ ಎದ್ ನಿಂತು ಸಾಯೇಬ್ರಿಗೆ ಹೇಳ್ಬುಡ್ತಂತೆ, ನಮ್ ಮೇಷ್ಟ್ರನ್ನ ಬುಡಾಕಿಲ್ಲ ಅಂತ." ನನ್ನ ಗೆಳತಿ ನನ್ನನ್ನು ತೋರಿಸಿಬಿಟ್ಟಳು. ಅವರು ನನ್ನ ಎರಡು ಕೆನ್ನೆಗಳನ್ನೂ ಸವರಿ ತಮ್ಮ ಹಣೆಯ ಪಕ್ಕದಲ್ಲಿ ನೆಟಿಕೆ ಮುರಿದರು. ಅಂಗೈಯಲ್ಲಿ ಅವರೆಕಾಯಿಯ ಸೊಗಡಿತ್ತು. ನಾನು ಎಳ್ಳಿನ ಪೊಟ್ಟಣವನ್ನು ಅವರ ಕೈಗೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದೆ. ಮುಖ ಮುಚ್ಚಿಕೊಳ್ಳಲು ಅದೊಂದೇ ದಾರಿ ಇತ್ತು.

ಮೇಷ್ಟ್ರು ಬಂದಾಗ ಕಾಲೆಲ್ಲ ಕೆಸರು. ಪಂಚೆ ಎತ್ತಿ ಕಟ್ಟಿದ್ದರು. ಅವರನ್ನು ಹಾಗೆ ಕಂಡಿದ್ದು ಅದೇ ಮೊದಲು. "ಏನ್ ಇಷ್ಟು ದೂರ ಬಂದ್ರಿ?" ಎಂದು ನಕ್ಕರು. ಕ್ಷಮೆ ಕೇಳಬೇಕೆಂದು ಗೊತ್ತುಮಾಡಿದ್ದ ಗೆಳತಿ ಬಾಯಿ ತೆರೆಯುವಷ್ಟರಲ್ಲಿ ಅವರ ತಾಯಿ ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದರು. ಅಷ್ಟು ಓದಿಸಿದ್ದು ಸಾರ್ಥಕವಾಯಿತು, ಇನ್ನು ಹೆಣ್ಣು ನೋಡಬಹುದು ಎಂದರು. ಮೇಷ್ಟ್ರು, "ಹೂನವ್ವ, ಇವರಿಂದಾನೇ ಉಳಿದಿದ್ದು," ಎಂದು ತಾಯಿಯ ಮಾತಿಗೆ ತಲೆಯಾಡಿಸಿದರು. ಅವರ ಧ್ವನಿಯಲ್ಲಿ ಕೊಂಕಿರಲಿಲ್ಲ. ಆ ತಾಯಿಯ ಎದುರಿಗೆ ತಪ್ಪಾಯಿತು ಎನ್ನುವ ಮಾತನ್ನು ಹೇಗೆ ತೆಗೆಯುವುದು? ಬೇಯಿಸಿದ ಗೆಣಸು ತಿಂದೆವು, ಕಬ್ಬು ಕೊಟ್ಟರು, ಇಸಿದುಕೊಂಡೆವು. ಬೇಲಿಯವರೆಗೂ ಬಂದು ಮೇಷ್ಟ್ರು, "ಕತ್ತಲಾಗೋದ್ರೊಳಗೆ ಮನೆ ಸೇರ್ಕೊಳ್ಳಿ," ಎಂದರು. ಅಷ್ಟೇ.

ದಾರಿಯಲ್ಲಿ ಉದ್ದನೆಯ ಹುಡುಗ, "ಮೇಷ್ಟ್ರಿಗೆ ಬೇಜಾರಿಲ್ಲ ಕಣ್ರೀ. ಕೆಲ್ಸ ಉಳೀತಲ್ಲ, ಇನ್ನೇನ್ ಬೇಕು?" ಎಂದ. ಅವನು ನಿಜವಾಗಿಯೂ ಹಾಗೆ ನಂಬಿದ್ದ.

ಹಬ್ಬ ಮುಗಿದು ಶಾಲೆ ತೆರೆದ ದಿನ ಮೇಷ್ಟ್ರು ಹಾಜರಿ ಹಾಕಿ, ಬೋರ್ಡಿನ ಮೇಲೆ ಸಮಸ್ಯೆ ಬರೆದು, "ಯಾರಿಗೆ ಗೊತ್ತು?" ಎಂದರು. ಗೊತ್ತಿದ್ದವರು ಕೈ ಎತ್ತಿದೆವು. ಅವರು "ಇಳಿಸಿ" ಎನ್ನಲಿಲ್ಲ. ಎತ್ತಿದ ಕೈಗಳಲ್ಲಿ ಒಂದನ್ನು ಆರಿಸಿ ಕರೆದರು. ಕರೆಸಿಕೊಂಡವನು ಬರೆದ, ಮೇಷ್ಟ್ರು "ಸರಿ" ಎಂದರು, ಎಲ್ಲರೂ ಬರೆದುಕೊಂಡೆವು. ಆ ಪೀರಿಯಡ್ಡಿನಲ್ಲಿ ಐದಾರು ಸಮಸ್ಯೆಗಳು ಮುಗಿದವು. ತಿಂಗಳೊಳಗೆ ಪಕ್ಕದ ತರಗತಿಯವರನ್ನು ಹಿಡಿದೆವು. ಪಾಠ ಚೆನ್ನಾಗಿಯೇ ನಡೆಯಿತು. ಅವರಿಗೆ ಕೆಟ್ಟದಾಗಿ ಪಾಠ ಮಾಡುವುದು ಬರುತ್ತಿರಲಿಲ್ಲ. ಹೆಡ್‌ಮಾಸ್ಟರು ವರಾಂಡದಲ್ಲಿ ಹಾದುಹೋಗುವಾಗ ನಿಂತು ನೋಡಿ, ಸಮಾಧಾನವಾಗಿ ಮುಂದೆ ಹೋಗುತ್ತಿದ್ದರು. ಮೇಷ್ಟ್ರು ನನ್ನನ್ನು ದಿನಕ್ಕೆ ಎರಡು ಮೂರು ಸಲ ಕರೆಯುತ್ತಿದ್ದರು. ಉತ್ತರ ತಪ್ಪುವುದು ಕಡಿಮೆಯಾಗಿ, ನನ್ನ ತಂದೆ ಸಂಜೆ ಗಿಡಗಳಿಗೆ ನೀರು ಹಾಕುವುದು ತಡವಾಗತೊಡಗಿತು.

ಈಗ ನಾನೂ ಒಂದು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ನಾನೂ ಎತ್ತಿದ ಕೈಗಳನ್ನೇ ಕೇಳುತ್ತೇನೆ. ಬೇರೆ ರೀತಿ ಮಾಡಬಹುದು ಎಂದು ನನಗೆ ಗೊತ್ತಿದೆ. ಹಾಗೆ ಗೊತ್ತಿರುವವರು ಈ ಊರಿನಲ್ಲಿ ಹೆಚ್ಚಿರಲಾರರು. ಧೈರ್ಯ ಬರುವುದಿಲ್ಲ.

ಆ ವರ್ಷ ಮಾರ್ಚಿಗೆ ಪರೀಕ್ಷೆ ಇತ್ತು. ಅದರ ಮುಂಚೆ ಒಂದು ದಿನ ಮೇಷ್ಟ್ರು ವೃತ್ತದ ಮೇಲಿನ ಕಷ್ಟದ ಸಮಸ್ಯೆಯೊಂದನ್ನು ಬೋರ್ಡಿನ ಮೇಲೆ ಹಾಕಿದರು. ಕೈ ಎತ್ತಿದವರು ಕಡಿಮೆ. ಹಿಂದಿನ ಬೆಂಚಿನಲ್ಲಿ ಸುಬ್ರಹ್ಮಣ್ಯಪುರದ ಹುಡುಗನ ಕೈ ಮೇಲೆದ್ದಿತ್ತು. ಇನ್ಸ್‌ಪೆಕ್ಷನ್ ಆದಮೇಲೆ ಅವನು ಒಂದು ಸಲವೂ ಬೋರ್ಡಿನ ಹತ್ತಿರ ಹೋಗಿರಲಿಲ್ಲ. ಆ ಸಮಸ್ಯೆ ಅವನಿಗೆ ಬಾರದು ಎಂದು ನನಗೆ ಗೊತ್ತು, ಗೆಳತಿಗೆ ಗೊತ್ತು, ಅವನಿಗೂ ಗೊತ್ತು. ಎತ್ತಿದವರನ್ನು ಮಾತ್ರ ಕರೆಯುತ್ತಾರಲ್ಲ, ಅದಕ್ಕೆ ಎತ್ತಿದ್ದ.

ಮೇಷ್ಟ್ರು ಆ ಕೈಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ವರಾಂಡದಲ್ಲಿ ಹೆಡ್‌ಮಾಸ್ಟರ ನೆರಳು ಕಿಟಕಿ ದಾಟುತ್ತಿತ್ತು.

"ಸಾ," ಎಂದ ಹುಡುಗ. "ನಾನು ಸಾ."

"ಇರಪ್ಪಾ. ಪೋರ್ಷನ್ ಇನ್ನೂ ಬಹಳ ಇದೆ," ಎಂದರು ಮೇಷ್ಟ್ರು. ಅವನ ಕಡೆಗೆ ನೋಡದೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

ನಾನು ಎದ್ದೆ. ಸೀಮೆಸುಣ್ಣ ತೆಗೆದುಕೊಂಡೆ. ಹಿಂದೆ ಅವನ ಕೈ ಇನ್ನೂ ಇಳಿದಿರಲಿಲ್ಲ. ತಿರುಗಿ ನೋಡದೆಯೂ ನನಗೆ ಅದು ತಿಳಿಯುತ್ತಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಎಲ್ಲಿಯೂ ನಿಲ್ಲದೆ ಬರೆದೆ. ಉತ್ತರ ಸರಿಯಾಗಿತ್ತು.